ಮರಳಿ ಪ್ಯಾರಗಾನ್ ನಗರಕ್ಕೆ

1

2024ರ ಆಷಾಢದ ಒಂದು ರಾತ್ರಿ, ಸಾಗರದ ನಮ್ಮ ಮನೆಯ ಹಂಚಿನ ಮೇಲೆ ಮಳೆ ಒಂದೇ ಸಮನೆ ಹುಯ್ಯುತ್ತಿದ್ದಾಗ, ಹದಿನೇಳು ವರ್ಷಗಳ ಹಿಂದೆ ಬಿಟ್ಟುಬಂದಿದ್ದ ನಗರವೊಂದಕ್ಕೆ ನಾನು ಮರಳಿ ಹೋದೆ. ಆ ನಗರದ ಹೆಸರು ಪ್ಯಾರಗಾನ್ ಸಿಟಿ. ಅದು ಅಮೆರಿಕದ ರೋಡ್ ಐಲೆಂಡ್ ರಾಜ್ಯದಲ್ಲಿದೆ ಎಂದು ಕಥೆ ಹೇಳುತ್ತದೆ. ನಕಾಶೆಯಲ್ಲಿ ಹುಡುಕಿದರೆ ಸಿಕ್ಕುವುದಿಲ್ಲ. ‘ಸಿಟಿ ಆಫ್ ಹೀರೋಸ್’ ಎಂಬ ಕಂಪ್ಯೂಟರ್ ಆಟದ ಒಳಗಿನ ನಗರ ಅದು. ಸಾವಿರಾರು ಜನ ಬೇರೆ ಬೇರೆ ಊರುಗಳಲ್ಲಿ ತಮ್ಮ ತಮ್ಮ ಯಂತ್ರಗಳ ಮುಂದೆ ಕುಳಿತು, ಒಂದೇ ಹೊತ್ತಿಗೆ ಅದರ ಬೀದಿಗಳಲ್ಲಿ ಓಡಾಡುವ, ಹಾರಾಡುವ ಆಟ. 2012ರಲ್ಲಿ ಅದರ ಒಡೆಯರು ಅದನ್ನು ಮುಚ್ಚಿದರು. 2019ರಲ್ಲಿ ಅದರ ಅಭಿಮಾನಿಗಳು ಮತ್ತೆ ತೆರೆದರು. ಇವೆರಡರ ನಡುವೆ ಏನು ಹೋಯಿತು, ಏನು ಉಳಿಯಿತು ಎಂಬುದು ಈ ಬರಹದ ವಿಷಯ.

ಐವತ್ತರ ಹತ್ತಿರ ಬಂದ ಮನುಷ್ಯ ಇಂಥ ಆಟದ ಬಗ್ಗೆ ಗಂಭೀರವಾಗಿ ಬರೆಯುವುದು ಕೆಲವರಿಗೆ ನಗೆಯ ವಿಷಯವಾದೀತು. ನಮ್ಮಲ್ಲಿ ವಿಮರ್ಶೆಯೆಂದರೆ ಪುಸ್ತಕ, ನಾಟಕ, ಹೆಚ್ಚೆಂದರೆ ಸಿನೆಮಾ. ಆಟವನ್ನು ಮಕ್ಕಳ ಪಾಲಿಗೆ ಬಿಟ್ಟು, ಅದರಿಂದ ಮಕ್ಕಳು ಕೆಡುತ್ತಾರೋ ಇಲ್ಲವೋ ಎಂಬಷ್ಟನ್ನೇ ಚರ್ಚಿಸಿ ಸುಮ್ಮನಾಗುತ್ತೇವೆ. ಆದರೆ ನಮ್ಮ ಸೀಮೆಯವರು ಯಕ್ಷಗಾನವನ್ನೂ ‘ಆಟ’ ಎಂದೇ ಕರೆಯುವವರು. ‘ನಿನ್ನೆ ಆಟಕ್ಕೆ ಹೋಗಿದ್ದೆ’ ಎಂದು ನಿದ್ದೆಗೆಟ್ಟ ಕಣ್ಣುಜ್ಜಿಕೊಂಡು ಹೇಳುವಾಗ ನನ್ನ ಅಪ್ಪ ಆ ಪದವನ್ನು ಎಂದೂ ಹಗುರವಾಗಿ ಬಳಸಿದವರಲ್ಲ. ಆ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಇಂಥ ಆಟಗಳಿಗೂ ಒಂದು ವಂಶಾವಳಿಯಿದೆ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ ಆರಂಭಿಸಿ, ರಿಚರ್ಡ್ ಬಾರ್ಟಲ್ ಎಂಬ ಇನ್ನೊಬ್ಬ ವಿದ್ಯಾರ್ಥಿ ಮುಂದುವರಿಸಿದ ‘ಮಡ್’ ಎಂಬ ಆಟ ಇವುಗಳ ಮೂಲಪುರುಷ. ಅದರಲ್ಲಿ ಚಿತ್ರಗಳಿರಲಿಲ್ಲ, ಬರಿಯ ಮಾತು. ‘ನೀನೀಗ ಒಂದು ಕಾಡುದಾರಿಯಲ್ಲಿ ನಿಂತಿದ್ದೀಯೆ’ ಎಂಬಂಥ ಒಂದು ವಾಕ್ಯವನ್ನು ಯಂತ್ರ ತೋರಿಸಿದರೆ, ಆಡುವವನು ಇನ್ನೊಂದು ವಾಕ್ಯವನ್ನು ಟೈಪು ಮಾಡಿ ಮುಂದೆ ಹೋಗಬೇಕು. ದಾರಿಯಲ್ಲಿ ಬೇರೊಬ್ಬ ಎದುರಾದರೆ ಅವನು ಯಂತ್ರವಲ್ಲ, ಮನುಷ್ಯ. ಈ ಒಂದು ಅಂಶವೇ ಮುಂದಿನ ಎಲ್ಲ ಆಟಗಳಿಗೆ ಬೀಜವಾಯಿತು. ‘ಸಿಟಿ ಆಫ್ ಹೀರೋಸ್’ ಹುಟ್ಟಿದ್ದು 2004ರ ಏಪ್ರಿಲ್‌ನಲ್ಲಿ. ಕಟ್ಟಿದವರು ಕ್ಯಾಲಿಫೋರ್ನಿಯದ ಕ್ರಿಪ್ಟಿಕ್ ಸ್ಟುಡಿಯೋಸ್, ಹೊರತಂದವರು ದಕ್ಷಿಣ ಕೊರಿಯದ ಎನ್‌ಸಿಸಾಫ್ಟ್. ಅಂಗಡಿಯಲ್ಲಿ ಡಬ್ಬಿ ಕೊಂಡು, ಮೇಲೆ ತಿಂಗಳಿಗೆ ಹದಿನೈದು ಡಾಲರ್ ಚಂದಾ ಕೊಡಬೇಕು. ಕೊಂಡ ಡಬ್ಬಿಯ ತಟ್ಟೆಗಳಲ್ಲಿ ಚಿತ್ರ, ಶಬ್ದಗಳಿರುತ್ತಿದ್ದವು. ಊರು ಮಾತ್ರ ಕಂಪೆನಿಯ ಸರ್ವರ್‌ನಲ್ಲಿರುತ್ತಿತ್ತು. ಸರ್ವರ್ ನಿಂತರೆ ನಮ್ಮ ಕೈಯಲ್ಲಿ ಉಳಿಯುವುದು ಕಿಟಕಿಯೇ ಹೊರತು ಬೀದಿಯಲ್ಲ. ಈ ಸಣ್ಣ ತಾಂತ್ರಿಕ ಸಂಗತಿಯ ಅರ್ಥ ನಮಗಾಗ ಹೊಳೆದಿರಲಿಲ್ಲ.

2

ಆಗ ನಾನು ಕನೆಟಿಕಟ್ ರಾಜ್ಯದ ಹಾರ್ಟ್‌ಫರ್ಡಿನಲ್ಲಿ, ವಿಮಾ ಕಂಪೆನಿಯೊಂದರ ಹಳೆಯ ಲೆಕ್ಕಪತ್ರಗಳನ್ನು ಹೊಸ ಯಂತ್ರಗಳಿಗೆ ಸಾಗಿಸುವ ಕೆಲಸದಲ್ಲಿದ್ದೆ. ನೆಲದ ಮೇಲೊಂದು ಹಾಸಿಗೆ, ಮೇಜಿನ ಮೇಲೊಂದು ಕಂಪ್ಯೂಟರ್, ನಾಲ್ಕೂವರೆಗೇ ಕತ್ತಲಾಗುವ ಚಳಿಗಾಲ. ಆಟದ ನಗರ ಪಕ್ಕದ ರಾಜ್ಯದಲ್ಲಿದೆ ಎಂಬುದೇ ನನಗೊಂದು ಸೋಜಿಗವಾಗಿತ್ತು. ಒಂದು ಭಾನುವಾರ ಒಂದೂವರೆ ಗಂಟೆಯ ದಾರಿ ಕಾರು ಓಡಿಸಿಕೊಂಡು ರೋಡ್ ಐಲೆಂಡಿನ ರಾಜಧಾನಿ ಪ್ರಾವಿಡೆನ್ಸಿಗೆ ಹೋಗಿಬಂದೆ. ಗಗನಚುಂಬಿ ಕಟ್ಟಡಗಳ ಪ್ಯಾರಗಾನ್ ಎಲ್ಲಿ, ನದಿಯ ಪಕ್ಕ ತಣ್ಣಗೆ ಕುಳಿತ ಈ ಸಣ್ಣ ಊರೆಲ್ಲಿ! ಆದರೆ ಅಲ್ಲಿನ ಶಾಸನಸಭೆಯ ಬಿಳಿ ಗುಮ್ಮಟದ ತುದಿಯಲ್ಲಿ ಭರ್ಜಿ ಹಿಡಿದು ನಿಂತ ಚಿನ್ನದ ಬಣ್ಣದ ಮನುಷ್ಯನೊಬ್ಬನಿದ್ದ. ಪ್ಯಾರಗಾನಿನ ನಗರಸಭೆಯ ಮುಂದೆಯೂ ಭೂಗೋಳ ಹೊತ್ತ ಅಟ್ಲಾಸನ ದೊಡ್ಡ ವಿಗ್ರಹವಿದೆ. ಆ ಒಂದು ಹೋಲಿಕೆಯನ್ನು ಜೇಬಿನಲ್ಲಿಟ್ಟುಕೊಂಡು ಹಿಂದಿರುಗಿದೆ.

ಆಟದ ಗುಣದೋಷಗಳನ್ನು ನೋಡೋಣ. ಇದರ ಅತಿ ದೊಡ್ಡ ಸಾಧನೆ ಇದರ ಚೌಕಿ. ಬಣ್ಣದ ಮನೆಯಲ್ಲಿ ವೇಷಧಾರಿ ಕನ್ನಡಿಯ ಮುಂದೆ ಕುಳಿತು ಗಂಟೆಗಟ್ಟಲೆ ಮುಖದ ಮೇಲೆ ಬರೆದುಕೊಳ್ಳುವಂತೆ, ಇಲ್ಲಿ ಆಡುವವನು ಮೊದಲು ತನ್ನ ವೀರನ ಆಕಾರ, ಎತ್ತರ, ಬಟ್ಟೆ, ಮುಖವಾಡ, ಬಣ್ಣ ಎಲ್ಲವನ್ನೂ ಕಟ್ಟಿಕೊಳ್ಳುತ್ತಾನೆ. ಹೆಸರಿಡುತ್ತಾನೆ. ಅವನ ಪೂರ್ವಕಥೆಯನ್ನೂ ಬೇಕಿದ್ದರೆ ಬರೆಯುತ್ತಾನೆ. ಆ ಕಾಲದ ಬೇರೆ ಆಟಗಳಲ್ಲಿ ನೂರು ಜನ ಸೇರಿದರೆ ಹತ್ತು ಮುಖಗಳು ಕಾಣುತ್ತಿದ್ದವು. ಇಲ್ಲಿ ನೂರಕ್ಕೆ ನೂರು. ಅಟ್ಲಾಸನ ಕಾಲಬುಡದಲ್ಲಿ ಸಂಜೆ ಹೊತ್ತು ಸುಮ್ಮನೆ ನಿಂತು ಹೋಗಿಬರುವ ವೇಷಗಳನ್ನು ನೋಡುವುದೇ ಒಂದು ಹಬ್ಬವಾಗಿತ್ತು.

ಈ ಚೌಕಿಯ ಮೇಲೆ ಮೊಕದ್ದಮೆಯೂ ಆಯಿತು. 2004ರ ನವೆಂಬರಿನಲ್ಲಿ ಮಾರ್ವೆಲ್ ಕಂಪೆನಿ ಕ್ಯಾಲಿಫೋರ್ನಿಯದ ನ್ಯಾಯಾಲಯಕ್ಕೆ ಹೋಯಿತು. ಇಲ್ಲಿ ಯಾರು ಬೇಕಾದರೂ ತಮ್ಮ ಹಲ್ಕ್‌ನನ್ನು, ವುಲ್ವರೀನ್‌ನನ್ನು ಹೋಲುವ ವೇಷ ಕಟ್ಟಿಕೊಳ್ಳಬಹುದು ಎಂಬುದು ಅದರ ದೂರು. ವಿಚಾರಣೆಯಲ್ಲಿ ಬಯಲಾದ ಸಂಗತಿಯೆಂದರೆ, ಸಾಕ್ಷಿಯೆಂದು ಒಪ್ಪಿಸಿದ ವೇಷಗಳಲ್ಲಿ ಕೆಲವನ್ನು ಕಟ್ಟಿದವರು ಮಾರ್ವೆಲ್‌ನ ಕಡೆಯವರೇ! 2005ರ ಡಿಸೆಂಬರಿನಲ್ಲಿ ರಾಜಿಯಾಯಿತು, ಚೌಕಿ ಹಾಗೆಯೇ ಉಳಿಯಿತು. ವೇಷ ಯಾರದು ಎಂಬ ಈ ಪ್ರಶ್ನೆ ಮುಂದೆ ಊರು ಯಾರದು ಎಂಬ ದೊಡ್ಡ ಪ್ರಶ್ನೆಯಾಗಿ ಬೆಳೆಯಲಿತ್ತು.

ಚೌಕಿ ಶ್ರೀಮಂತವಾಗಿದ್ದಷ್ಟೇ ಪ್ರಸಂಗ ಬಡವಾಗಿತ್ತು. ಇದನ್ನು ಅಭಿಮಾನಿಗಳು ಒಪ್ಪುವುದಿಲ್ಲವಾದರೂ ಹೇಳಲೇಬೇಕು. ಬೀದಿಯಲ್ಲಿ ಒಬ್ಬ ಕಳ್ಳ ಹೆಂಗಸಿನ ಕೈಚೀಲ ಎಳೆಯುತ್ತಿರುತ್ತಾನೆ. ನಾವು ಬಿಡಿಸಿದರೆ ಆಕೆ ಓಡಿಬಂದು ಉಪಕಾರ ಸ್ಮರಿಸುತ್ತಾಳೆ. ಮೊದಲ ಸಲ ಮೈ ಜುಮ್ಮೆನ್ನುತ್ತದೆ, ಐವತ್ತನೆಯ ಸಲ ಆಕೆಯ ಮಾತು ಮುಗಿಯುವ ಮೊದಲೇ ನಾವು ಹೊರಟಿರುತ್ತೇವೆ. ಒಳಗಿನ ಕಾರ್ಯಾಚರಣೆಗಳೂ ಹಾಗೆಯೇ: ಅದೇ ಗೋದಾಮು, ಅದೇ ಕಚೇರಿ, ಅದೇ ಗುಹೆ. ಖಳರ ಬಟ್ಟೆ ಬದಲಾಗುತ್ತದೆ, ಗೋಡೆ ಬದಲಾಗುವುದಿಲ್ಲ.

ಆದರೂ ನಾವು ಆಡಿದೆವು. ಏಕೆಂಬುದಕ್ಕೆ ಉತ್ತರ ನನಗೆ ಯಕ್ಷಗಾನದಲ್ಲೇ ಸಿಕ್ಕಿತು. ಪ್ರಸಂಗದ ಪದ್ಯ ಭಾಗವತರದು, ಅರ್ಥ ವೇಷಧಾರಿಯದು. ಪದ್ಯ ಪುಸ್ತಕದಲ್ಲಿರುತ್ತದೆ, ಅರ್ಥ ಆ ರಾತ್ರಿ, ಆ ಎದುರಾಳಿಯ ಮಾತಿಗೆ ಉತ್ತರವಾಗಿ ಹುಟ್ಟಿ, ಬೆಳಗಿಗೆ ಮುಗಿದುಹೋಗುತ್ತದೆ. ಸಾಧಾರಣ ಪ್ರಸಂಗವನ್ನೂ ಒಳ್ಳೆಯ ಅರ್ಥಧಾರಿಗಳು ಎತ್ತಿಬಿಡುವುದನ್ನು ನಾವೆಲ್ಲ ಕಂಡಿದ್ದೇವೆ. ಪ್ಯಾರಗಾನಿನಲ್ಲಿಯೂ ಗೋದಾಮಿನ ಗೋಡೆಗಳ ನಡುವೆ ಎಂಟು ಜನ ಟೈಪು ಮಾಡುತ್ತಿದ್ದ ಹರಟೆ, ತಮಾಷೆ, ಜಗಳವೇ ನಿಜವಾದ ಆಟವಾಗಿತ್ತು. ಎಂಟು ಜನ ಎಂದೆ. ಒಂದು ತಂಡದ ಗರಿಷ್ಠ ಮಿತಿ ಅದು. ಈ ಸಂಖ್ಯೆ ಮುಂದೆ ಮತ್ತೆ ಬರುತ್ತದೆ.

ಈ ಮಾತುಕತೆಗೆ ಆಟದ ಕಟ್ಟಳೆಗಳೇ ಎಡೆ ಮಾಡಿಕೊಡುತ್ತಿದ್ದವು ಎಂಬುದು ಮುಖ್ಯ. ಆಗ ಹಾರುವ ಶಕ್ತಿ ಹದಿನಾಲ್ಕನೆಯ ಮೆಟ್ಟಿಲು ಮುಟ್ಟುವವರೆಗೆ ಸಿಗುತ್ತಿರಲಿಲ್ಲ, ಅಲ್ಲಿಯವರೆಗೆ ಕಾಲ್ನಡಿಗೆ. ಸೋತರೆ ‘ಸಾಲ’ ಬೀಳುತ್ತಿತ್ತು. ಮುಂದಿನ ಗಳಿಕೆಯಲ್ಲಿ ಒಂದು ಪಾಲು ಅದಕ್ಕೇ ಹೋಗುತ್ತಿತ್ತು. ಕೆಲಸ ಕೊಡುವ ಊರಿನ ಪಾತ್ರಗಳು ಮೊದಮೊದಲು ನಮ್ಮನ್ನು ನಂಬುತ್ತಿರಲಿಲ್ಲ. ಪ್ರತಿಸಲವೂ ಅವರಿದ್ದಲ್ಲಿಗೇ ಓಡಿಹೋಗಿ ವರದಿ ಒಪ್ಪಿಸಬೇಕು. ನಾಲ್ಕಾರು ಕೆಲಸ ಮಾಡಿಕೊಟ್ಟ ಮೇಲೆ ಒಂದು ದಿನ ಅವರು ತಮ್ಮ ಫೋನ್ ನಂಬರ್ ಕೊಡುತ್ತಿದ್ದರು. ಯಂತ್ರವೊಂದು ಕೊಟ್ಟ ಆ ಸುಳ್ಳು ನಂಬರಿನಿಂದ ನನಗಾದ ಸಂತೋಷವನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ಕಟ್ಟಳೆ ‘ಸೈಡ್‌ಕಿಕ್’ ಎಂಬುದು. ಇಂಥ ಆಟಗಳ ಶಾಪವೆಂದರೆ ಮೆಟ್ಟಿಲುಗಳ ಅಂತರ. ನಲವತ್ತನೆಯ ಮೆಟ್ಟಿಲಿನವನೂ ಹತ್ತನೆಯ ಮೆಟ್ಟಿಲಿನವನೂ ಕೂಡಿ ಆಡಲಾರರು, ಸಣ್ಣವನು ಒಂದೇ ಏಟಿಗೆ ಸಾಯುತ್ತಾನೆ. ಪ್ಯಾರಗಾನಿನಲ್ಲಿ ದೊಡ್ಡವನು ಸಣ್ಣವನೊಬ್ಬನನ್ನು ಶಿಷ್ಯನಾಗಿ ಸ್ವೀಕರಿಸಬಹುದಿತ್ತು. ಆಗ ಶಿಷ್ಯನ ಬಲ ಗುರುವಿಗಿಂತ ಒಂದೇ ಮೆಟ್ಟಿಲು ಕೆಳಗಿನಷ್ಟಕ್ಕೆ ಏರುತ್ತಿತ್ತು. ಆದರೆ ಒಂದು ಷರತ್ತು: ಒಬ್ಬ ಗುರುವಿಗೆ ಒಬ್ಬನೇ ಶಿಷ್ಯ, ಮತ್ತು ಶಿಷ್ಯ ಗುರುವಿನ ಹತ್ತಿರವೇ ಇರಬೇಕು. ದೂರ ಹೋದರೆ ಎರವಲು ಬಲ ಇಳಿದುಹೋಗುತ್ತದೆ. ಇದನ್ನು ರೂಪಿಸಿದವರಿಗೆ ತಾವು ಎಂಥ ಸಂಬಂಧವನ್ನು ರೂಪಿಸುತ್ತಿದ್ದೇವೆಂಬುದು ಪೂರ್ತಿ ಗೊತ್ತಿತ್ತೋ ಇಲ್ಲವೋ. ನಾನಂತೂ ಅದರಿಂದಲೇ ಒಬ್ಬರನ್ನು ಪಡೆದೆ.

3

ಅವರು ಟ್ಯಾಂಕರ್, ಎಂದರೆ ಏಟುಗಳನ್ನೆಲ್ಲ ತನ್ನ ಮೈಮೇಲೆಳೆದುಕೊಂಡು ಉಳಿದವರನ್ನು ಕಾಯುವ ಜಾತಿಯ ವೇಷ. ಮೈಯೆಲ್ಲ ಬಂಡೆಯಾಗುವ ಶಕ್ತಿ. ಬಂಡೆಯಾದಾಗ ಅವರನ್ನು ಅಲುಗಾಡಿಸಲಾಗದು, ಆದರೆ ಅವರ ನಡಿಗೆಯೂ ಆಮೆಯದಾಗುತ್ತಿತ್ತು. ನಾನು ಬೇರೆಯವರಿಗೆ ವೇಗವನ್ನೂ ಚೈತನ್ಯವನ್ನೂ ಹಂಚುವ ಡಿಫೆಂಡರ್. 2004ರ ಡಿಸೆಂಬರಿನ ಒಂದು ರಾತ್ರಿ, ನಾನು ಬೀದಿಯಲ್ಲಿ ಸತ್ತುಬಿದ್ದಿದ್ದಾಗ ಅವರು ಬಂದು ಎಬ್ಬಿಸಿ, ಶಿಷ್ಯನಾಗಿ ಸೇರಿಸಿಕೊಂಡರು. ಅವರ ಬಲ ನನಗೆ, ನನ್ನ ವೇಗ ಅವರಿಗೆ. ಅವರ ನಿಜವಾದ ಹೆಸರು ನಾನು ಕೇಳಲಿಲ್ಲ. ನಿವೃತ್ತಿಯಾಗುವವರೆಗೆ ಶಾಲೆಯ ಬಸ್ಸು ಓಡಿಸುತ್ತಿದ್ದರೆಂದೂ, ಮೊಮ್ಮಕ್ಕಳಿದ್ದಾರೆಂದೂ, ಎರಡೇ ಬೆರಳಿನಲ್ಲಿ ಟೈಪು ಮಾಡುತ್ತಾರೆಂದೂ ಗೊತ್ತಾಯಿತು. ಇನ್ನೊಂದು ಸಂಗತಿ ಗೊತ್ತಾಗಲು ಕೆಲವು ವಾರ ಹಿಡಿಯಿತು.

ಆಡುತ್ತ ಆಡುತ್ತ ಅವರು ಇದ್ದಕ್ಕಿದ್ದಂತೆ ನಿಂತುಬಿಡುತ್ತಿದ್ದರು. ‘ಹತ್ತು ನಿಮಿಷ’ ಎಂದು ಎರಡು ಪದ ಬರೆದು, ಬಂಡೆಯಾಗಿ, ಓಣಿಯಲ್ಲಿ ಹಾಗೆಯೇ ನಿಲ್ಲುತ್ತಿದ್ದರು. ಹೆಚ್ಚು ಕಡಿಮೆ ಎರಡು ಗಂಟೆಗೊಮ್ಮೆ ಹೀಗಾಗುತ್ತಿತ್ತು. ಅವರಿಲ್ಲದೆ ಮುಂದಿನ ಕೋಣೆಗೆ ನುಗ್ಗಿದರೆ ಎಲ್ಲರೂ ಸಾಯುವುದು ಖಂಡಿತ, ಸತ್ತರೆ ಸಾಲ. ಹಾಗಾಗಿ ಉಳಿದ ಏಳೂ ಜನ ಕಾಯುತ್ತಿದ್ದೆವು. ಯಾರೋ ತಮ್ಮ ಊರಿನ ಹಿಮದ ಸುದ್ದಿ ಹೇಳುವರು. ಇನ್ಯಾರೋ ತಮ್ಮ ವೀರನನ್ನು ಕುಣಿಸುವರು. ಒಂದು ದಿನ ಕಾರಣ ಅವರೇ ಬರೆದರು: ಗಂಡ ಪಕ್ಕದ ಕೋಣೆಯಲ್ಲಿ ಹಾಸಿಗೆ ಹಿಡಿದು ಮಲಗಿದ್ದಾರೆ, ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಆಮೇಲಿಂದ ತಂಡದವರು ಅವರು ಬರೆಯುವ ಮೊದಲೇ ಹೊತ್ತು ನೋಡಿ ನಿಲ್ಲತೊಡಗಿದರು.

2005ರ ದೀಪಾವಳಿಯ ವಾರದಲ್ಲಿ ಅಪ್ಪನಿಗೆ ಪಾರ್ಶ್ವವಾಯು ಬಡಿಯಿತು. ಮೂರು ವಾರ ರಜೆ ಹಾಕಿ ಬಂದೆ, ಮೂರು ವಾರ ಮುಗಿದೊಡನೆ ಹಿಂದಿರುಗಿದೆ. ಕೆಲಸ ಬಿಡುವಂತಿರಲಿಲ್ಲ, ಆಸ್ಪತ್ರೆಯ ಖರ್ಚು ಆ ಕೆಲಸದಿಂದಲೇ ಬರಬೇಕಿತ್ತು. ಹೀಗೆ ನನಗೆ ನಾನೇ ಹೇಳಿಕೊಂಡೆ, ಅದು ಸುಳ್ಳೂ ಅಲ್ಲ. ಹಾರ್ಟ್‌ಫರ್ಡಿಗೆ ಮರಳಿದ ರಾತ್ರಿ ಆಟದಲ್ಲಿ ಅವರಿಗೆ ವಿಷಯ ತಿಳಿಸಿದೆ. ಅವರು ಸಂತಾಪದ ಮಾತೇನನ್ನೂ ಬರೆಯಲಿಲ್ಲ. ಎರಡು ಬೆರಳಿನಲ್ಲಿ ಒಂದೊಂದಾಗಿ ಬರೆದರು: ಮಗ್ಗುಲಾಗಿಸಿದಾಗ ಮೊಣಕಾಲುಗಳ ನಡುವೆ ದಿಂಬಿಡಬೇಕು, ಮೀನಖಂಡದ ಕೆಳಗೆ ಇನ್ನೊಂದು ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಬೇಕು, ಎಳೆಯಬಾರದು, ಹೊರಳಿಸಬೇಕು, ಚರ್ಮ ಕೆಂಪಗಾದ ಕಡೆ ತಿಕ್ಕಬಾರದು. ನಾನು ಅದನ್ನೆಲ್ಲ ಕಾಗದದ ಮೇಲೆ ಬರೆದುಕೊಂಡು, ಭಾನುವಾರ ಫೋನಿನಲ್ಲಿ ಅಮ್ಮನಿಗೆ ಓದಿ ಹೇಳಿದೆ. ‘ಯಾರು ಹೇಳಿದ್ದು?’ ಎಂದು ಅಮ್ಮ ಕೇಳಿದರು. ‘ಇಲ್ಲೊಬ್ಬರು ಪರಿಚಯದವರು’ ಎಂದೆ.

ಅಪ್ಪ ಇನ್ನೂ ನಾಲ್ಕು ವರ್ಷ ಬದುಕಿದರು. ಬೆನ್ನು ಹುಣ್ಣಾಗಲಿಲ್ಲ. ನಾನು 2007ರಲ್ಲಿ ಬೆಂಗಳೂರಿಗೆ ಬಂದೆ, ಆಟ ಬಿಟ್ಟೆ.

4

2012ರ ಆಗಸ್ಟ್ 31ರಂದು ಎನ್‌ಸಿಸಾಫ್ಟ್ ಆಟವನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಅಷ್ಟು ಹೊತ್ತಿಗೆ ಆಟವನ್ನು ನೋಡಿಕೊಳ್ಳುತ್ತಿದ್ದ ಪ್ಯಾರಗಾನ್ ಸ್ಟುಡಿಯೋಸನ್ನೂ ಮುಚ್ಚಿತು. ಕೊನೆಯ ದಿನ ನವೆಂಬರ್ 30. ಆಡುವವರು ಅರ್ಜಿ ಬರೆದರು, ಬೇರೆ ಒಡೆಯರನ್ನು ಹುಡುಕಿದರು, ಕಂಪೆನಿ ಬಗ್ಗಲಿಲ್ಲ. ಸೆಪ್ಟೆಂಬರಿನಲ್ಲಿ ಸಾವಿರಾರು ವೇಷಗಳು ಪಂಜು ಹಿಡಿದು ಅಟ್ಲಾಸನ ಸುತ್ತ ನೆರೆದವು. ಮುಳುಗಡೆಯ ನೋಟಿಸು ಬಂದ ಊರಿನವರು ದೇವಸ್ಥಾನದ ಮುಂದೆ ಸೇರುವುದು ನೆನಪಾಗುತ್ತದೆ. ಆದರೆ ಶರಾವತಿಯ ಮುಳುಗಡೆ ಕಂಡ ಸೀಮೆಯಲ್ಲಿ ಕೂತು ಈ ಹೋಲಿಕೆಯನ್ನು ಹೆಚ್ಚು ಎಳೆಯಬಾರದು. ಲಿಂಗನಮಕ್ಕಿಯ ನೀರು ಏರಿದಾಗ ಜನ ಕಳೆದುಕೊಂಡದ್ದು ಗದ್ದೆ, ಮನೆ, ಅನ್ನ. ಪ್ಯಾರಗಾನಿನವರು ಯಾರೂ ಉಪವಾಸ ಬೀಳಲಿಲ್ಲ. ಮೇಲಾಗಿ ಮುಳುಗಿದ ಊರಿಗೆ ಪ್ರತಿ ಇಲ್ಲ. ಆಟಕ್ಕೆ ಪ್ರತಿ ಇರಲು ಸಾಧ್ಯ. ಮುಂದಿನ ಕಥೆಯೆಲ್ಲ ಈ ಒಂದು ವ್ಯತ್ಯಾಸದಿಂದ ಹುಟ್ಟಿದ್ದು.

ಅಕ್ಟೋಬರಿನಲ್ಲಿ ಅವರಿಂದ ನನಗೊಂದು ಇ-ಮೇಲ್ ಬಂತು. ಗಂಡ ತೀರಿಕೊಂಡು ಮೂರು ವರ್ಷವಾಯಿತೆಂದೂ, ಹಳೆಯ ತಂಡದವರು ಕೊನೆಯ ರಾತ್ರಿ ಅಟ್ಲಾಸನ ಬಳಿ ಸೇರುತ್ತಿದ್ದಾರೆಂದೂ, ಸಾಧ್ಯವಾದರೆ ಬರಬೇಕೆಂದೂ ಇತ್ತು. ಕೊನೆಗೆ ನನ್ನ ಅಪ್ಪನ ಆರೋಗ್ಯ ವಿಚಾರಿಸಿದ್ದರು. 2011ರಿಂದ ಆಟ ಉಚಿತವೂ ಆಗಿತ್ತು, ಹೋಗಲು ಖರ್ಚಿರಲಿಲ್ಲ. ಸಾವಕಾಶವಾಗಿ ಉತ್ತರಿಸೋಣವೆಂದು ಗುರುತು ಹಾಕಿಟ್ಟೆ. ಅಲ್ಲಿ ಶುಕ್ರವಾರ ರಾತ್ರಿ ಊರು ಮುಚ್ಚುವಾಗ ನಮ್ಮಲ್ಲಿ ಶನಿವಾರ ಆಗಲೇ ಬಂದಿತ್ತು, ನಾನು ಕಚೇರಿಯಲ್ಲಿ ಯಾವುದೋ ಗಡುವಿನ ಕೆಲಸದಲ್ಲಿದ್ದೆ. ಆರು ತಿಂಗಳ ಮೇಲೆ ಉತ್ತರ ಬರೆದೆ. ವಿಳಾಸ ಚಾಲ್ತಿಯಲ್ಲಿಲ್ಲವೆಂದು ಕಾಗದ ಹಿಂದಕ್ಕೆ ಬಂತು.

ನಗರ ಸತ್ತಿತೆಂದೇ ಎಲ್ಲರೂ ತಿಳಿದಿದ್ದರು. 2019ರ ಏಪ್ರಿಲ್‌ನಲ್ಲಿ ಬೇರೆಯೇ ಸಂಗತಿ ಹೊರಬಿತ್ತು. ಆಟದ ಸರ್ವರಿನ ಮೂಲ ಬರಹ ಸಣ್ಣ ಗುಂಪೊಂದರ ಕೈಸೇರಿತ್ತು. ಅವರು ವರ್ಷಗಳಿಂದ ಗುಟ್ಟಾಗಿ, ಕರೆಸಿಕೊಂಡವರಿಗಷ್ಟೇ ಪ್ರವೇಶ ಕೊಟ್ಟು, ಆ ನಗರವನ್ನು ಜೀವಂತ ಇಟ್ಟುಕೊಂಡಿದ್ದರು. ಹೊರಗೆ ಜನ ಶೋಕಿಸುತ್ತಿದ್ದಾಗ ಒಳಗೆ ಅವರು ಹಾರಾಡುತ್ತಿದ್ದರು. ಕಂಪೆನಿಯ ವಕೀಲರ ಭಯ ಅವರ ಸಮಜಾಯಿಷಿ. ಅದರಲ್ಲಿ ಸತ್ಯವಿದೆ. ಬಯಲಾಗಿದ್ದರೆ ಆ ಒಂದು ಪ್ರತಿಯೂ ಉಳಿಯುತ್ತಿರಲಿಲ್ಲವೇನೋ. ಆದರೆ ಊರಿನ ಕೆರೆಯ ಕೀಲಿ ನಾಲ್ಕು ಮನೆಯವರ ಕೈಯಲ್ಲಿದ್ದು, ಉಳಿದವರಿಗೆ ಕೆರೆ ಬತ್ತಿದೆಯೆಂದು ಹೇಳಿದಂತಾಯಿತಲ್ಲ! ಅಭಿಮಾನಿಗಳೆಂದರೆ ನಿಸ್ವಾರ್ಥಿಗಳು, ಕಂಪೆನಿಯೆಂದರೆ ದುಷ್ಟ ಎಂಬ ಸುಲಭದ ಪ್ರಸಂಗಕ್ಕೆ ಇದು ಹೊಂದುವುದಿಲ್ಲ. ಯಜಮಾನಿಕೆಯ ರೋಗ ಪ್ರೀತಿಸುವವರಿಗೂ ತಗಲುತ್ತದೆ.

ಜನರ ಸಿಟ್ಟಿಗೆ ಮಣಿದು ಮೂಲ ಬರಹ ಬಹಿರಂಗವಾಯಿತು. ಕೆಲವೇ ವಾರಗಳಲ್ಲಿ ಹಲವು ಗುಂಪುಗಳು ಸರ್ವರ್ ತೆರೆದವು. ಅವುಗಳಲ್ಲಿ ದೊಡ್ಡದು ‘ಹೋಮ್‌ಕಮಿಂಗ್’. ಎಂದರೆ ಮನೆಗೆ ಮರಳುವುದು. ನಡೆಸುವವರು ಸ್ವಯಂಸೇವಕರು, ಆಟ ಉಚಿತ. ಸರ್ವರಿನ ಬಾಡಿಗೆಗೆ ತಿಂಗಳಿಗೊಮ್ಮೆ ದೇಣಿಗೆಯ ಬಾಗಿಲು ತೆರೆಯುತ್ತಾರೆ. ಬೇಕಾದಷ್ಟು ಸೇರಿದ ಕೂಡಲೇ ಮುಚ್ಚುತ್ತಾರೆ. ಹೆಚ್ಚಿಗೆ ಒಂದು ಡಾಲರೂ ಬೇಡ. ಅವರು ಎನ್‌ಸಿಸಾಫ್ಟ್ ಜೊತೆ ವರ್ಷಗಟ್ಟಲೆ ಮಾತುಕತೆ ನಡೆಸಿ, ಕಡೆಗೆ 2024ರ ಜನವರಿಯಲ್ಲಿ ಅಧಿಕೃತ ಪರವಾನಗಿ ಪಡೆದರು. ಮುಚ್ಚಿದವರೇ ತೆರೆಯಲು ಒಪ್ಪಿಗೆ ಕೊಟ್ಟ ಉದಾಹರಣೆಗಳು ಈ ಉದ್ಯಮದಲ್ಲಿ ತೀರ ಅಪರೂಪ. ಒಡೆತನದ ಕಾಗದ ಕಂಪೆನಿಯ ಹತ್ತಿರವೇ ಉಳಿಯಿತು, ನಡೆಸುವ ಹೊಣೆ ಬಳಸುವವರ ಹತ್ತಿರ ಬಂತು. ಇದನ್ನು ಗೆಲುವೆನ್ನುವುದಕ್ಕಿಂತ ಗೇಣಿಯೆನ್ನುವುದು ಸರಿ. ಆದರೆ ಉಳುವವನಿಗೆ ಅಷ್ಟಾದರೂ ಸಿಕ್ಕಿದ್ದು ಸಣ್ಣ ಮಾತಲ್ಲ.

5

ಆ ವರ್ಷ ಮಳೆಗಾಲಕ್ಕೆ ಮುಂಚೆ ಅಮ್ಮ ಜಾರಿಬಿದ್ದು ತಿಂಗಳು ಕಾಲ ಹಾಸಿಗೆಯಲ್ಲಿದ್ದರು. ಈ ಸಲ ಮಗ್ಗುಲು ಬದಲಿಸುವ ಕೆಲಸ ನನ್ನದು. ಮೊಣಕಾಲುಗಳ ನಡುವೆ ನಾನು ದಿಂಬಿಡುತ್ತಿದ್ದಾಗ ಅಮ್ಮ ಕೇಳಿದರು: ‘ಆ ದಿಂಬಿನ ಹೆಂಗಸು ಏನಾದಳೋ?’

ನನಗೆ ಗೊತ್ತಿರಲಿಲ್ಲ. ಅಂದೇ ಮೊದಲ ಸಲ ಇಡೀ ಕಥೆಯನ್ನು ಅಮ್ಮನಿಗೆ ಹೇಳಿದೆ: ಆಟ, ಬಂಡೆ, ಓಣಿಯಲ್ಲಿ ಏಳು ಜನ ನಿಂತು ಕಾಯುತ್ತಿದ್ದದ್ದು. ಅಮ್ಮ ಎಲ್ಲ ಕೇಳಿದರು. ಆಮೇಲೆ ಗೋಡೆಯ ಕಡೆ ಮುಖ ಮಾಡಿಕೊಂಡೇ, ‘ಅವಳಿಗೆ ಕಾಯೋಕೆ ಏಳು ಜನ ಇದ್ರಲ್ಲ ಮಾರಾಯ’ ಎಂದರು.

ಅಮ್ಮನ ಮಾತಿನಲ್ಲಿ ಆಕ್ಷೇಪಣೆಯಿತ್ತೋ, ಬರಿಯ ಲೆಕ್ಕವೋ ತಿಳಿಯಲಿಲ್ಲ. ಅದೇ ನಾಲ್ಕು ವರ್ಷಗಳಲ್ಲಿ, ಈ ಮನೆಯಲ್ಲಿ, ಎರಡು ಗಂಟೆಗೊಮ್ಮೆ ಏಳುತ್ತಿದ್ದ ಇನ್ನೊಬ್ಬ ಹೆಂಗಸಿಗೆ ಕಾಯುವವರು ಯಾರೂ ಇರಲಿಲ್ಲ. ಅವಳ ಮಗ ಬೇರೊಂದು ಮನೆಯ ಗಂಡಸು ಮಗ್ಗುಲಾಗುವುದನ್ನು ಕಾಯುತ್ತ ನಿಂತಿದ್ದ. ಇದನ್ನು ಹೇಳಿಕೊಳ್ಳದೆ ಈ ಆಟದ ವಿಮರ್ಶೆ ನನ್ನಿಂದ ಪ್ರಾಮಾಣಿಕವಾಗಿ ಆಗುವಂತಿಲ್ಲ. ಏಕೆಂದರೆ ನಾನು ಮರಳಿ ಹೋದದ್ದು ನಾಸ್ಟಾಲ್ಜಿಯದಿಂದಲ್ಲ, ಸಾಲದ ವಿಚಾರಣೆಗೆ.

ಒಳಹೋದೆ. ಅಟ್ಲಾಸ್ ಇದ್ದಾನೆ, ಭೂಗೋಳ ಹೊತ್ತೇ ನಿಂತಿದ್ದಾನೆ. ನಗರಸಭೆಯ ಮೆಟ್ಟಿಲು, ಬಡಾವಣೆಗಳನ್ನು ಬೇರ್ಪಡಿಸುವ ನೀಲಿ ಬೆಳಕಿನ ಗೋಡೆ, ಟ್ರಾಮಿನ ನಿಲ್ದಾಣ ಎಲ್ಲವೂ ಇದ್ದಲ್ಲೇ ಇವೆ. ಆದರೆ ಹಳೆಯ ಪಾತ್ರಗಳಿಲ್ಲ. ಅವು ಕಂಪೆನಿಯ ಯಂತ್ರಗಳ ಜೊತೆ ಹೋದವು. ಅಭಿಮಾನಿಗಳಿಗೆ ದಕ್ಕಿದ್ದು ಊರು, ನಿವಾಸಿಗಳ ಪಟ್ಟಿಯಲ್ಲ. ಎಲ್ಲರೂ ಹೊಸದಾಗಿ ವೇಷ ಕಟ್ಟಬೇಕು. ಹೆಸರು ಹುಡುಕುವ ಕಡೆ ಅವರ ವೇಷದ ಹೆಸರನ್ನು ಹಾಕಿದೆ. ಯಾರೂ ಸಿಗಲಿಲ್ಲ. ಸಿಕ್ಕಿದ್ದರೂ ಆ ಹೆಸರಿನ ಹಿಂದೆ ಅವರೇ ಇರುತ್ತಾರೆಂದು ಹೇಳುವಂತಿರಲಿಲ್ಲ. ನನ್ನ ಹಳೆಯ ಹೆಸರನ್ನು ಬೇರೆ ಯಾರೋ ಆಗಲೇ ತೆಗೆದುಕೊಂಡಿದ್ದರು.

ಉಳಿಸಿದವರ ಶ್ರಮಕ್ಕೆ ಮೊದಲು ಕೈಮುಗಿಯಬೇಕು. ಅವರು ನಗರವನ್ನು ವಸ್ತುಸಂಗ್ರಹಾಲಯ ಮಾಡಿಲ್ಲ. ಹೊಸ ಶಕ್ತಿಗಳು, ಹೊಸ ಕಥಾಭಾಗಗಳು ಬಂದಿವೆ, ಕೆಲವು ಹಳೆಯವಕ್ಕಿಂತ ಚೆನ್ನಾಗಿಯೂ ಇವೆ. ಚೌಕಿಯಲ್ಲಂತೂ ಹಿಂದೆ ಹಣ ಕೊಟ್ಟು ಪಡೆಯಬೇಕಿದ್ದ ಬಟ್ಟೆಬರೆಯೆಲ್ಲ ಈಗ ಪುಕ್ಕಟೆ. ಒಬ್ಬೊಬ್ಬರು ಒಂದು ಸರ್ವರಿನಲ್ಲಿ ಸಾವಿರ ವೇಷಗಳನ್ನು ಇಟ್ಟುಕೊಳ್ಳಬಹುದು.

ಆದರೆ ಅವರು ಉಳಿಸಿಕೊಂಡದ್ದು 2012ರ ನಗರವನ್ನು, ನಾನು ಬಿಟ್ಟ ನಗರವನ್ನಲ್ಲ. ನಾನು ಬಿಟ್ಟ ಮೇಲೆ ಕಂಪೆನಿಯೇ ಅದರ ಒರಟು ಅಂಚುಗಳನ್ನು ಒಂದೊಂದಾಗಿ ಉಜ್ಜಿ ನಯ ಮಾಡಿತ್ತು. ಹಾರುವ ಶಕ್ತಿ ಹದಿನಾಲ್ಕರಿಂದ ನಾಲ್ಕನೆಯ ಮೆಟ್ಟಿಲಿಗೆ ಇಳಿದಿತ್ತು. ಸಾಲ ಹಗುರವಾಗಿತ್ತು. ಮುಖ್ಯವಾಗಿ, 2009ರಲ್ಲಿ ಸೈಡ್‌ಕಿಕ್ ಪದ್ಧತಿ ಬದಲಾಗಿ, ತಂಡಕ್ಕೆ ಸೇರಿದವರೆಲ್ಲರ ಬಲವೂ ತನ್ನಷ್ಟಕ್ಕೇ ಸರಿಹೊಂದುವಂತಾಯಿತು. ಗುರುವಿಲ್ಲ, ಶಿಷ್ಯನಿಲ್ಲ, ಯಾರೂ ಯಾರ ಹತ್ತಿರವೂ ಇರಬೇಕಾಗಿಲ್ಲ. ಅಭಿಮಾನಿಗಳು ಇದೇ ದಾರಿಯಲ್ಲಿ ಇನ್ನಷ್ಟು ಮುಂದೆ ಹೋದರು. ಗಳಿಕೆಯನ್ನು ಇಮ್ಮಡಿಗೊಳಿಸುವ ಸವಲತ್ತು ಈಗ ಮೊದಲ ದಿನದಿಂದಲೇ ಸಿಗುತ್ತದೆ. ನ್ಯಾಯವಾಗಿ ನೋಡಿದರೆ ಇದಕ್ಕೆ ಕಾರಣವಿದೆ. ಈಗ ಬರುವವರಲ್ಲಿ ಹೆಚ್ಚಿನವರು ಮರಳಿ ಬಂದವರು. ಒಮ್ಮೆ ಹತ್ತಿದ ಮೆಟ್ಟಿಲನ್ನು ಅದೇ ಕಷ್ಟದಲ್ಲಿ ಮತ್ತೆ ಹತ್ತಲು ಯಾರಿಗೆ ಪುರುಸೊತ್ತಿದೆ? ದುಡಿಯುವ, ಮಕ್ಕಳಿರುವ, ವಯಸ್ಸಾದ ಜನ. ಕಷ್ಟವನ್ನು ಕಡಿಮೆ ಮಾಡಿದ್ದು ಕರುಣೆಯಿಂದಲೇ.

ಈ ಕರುಣೆಯ ಪರಿಣಾಮವನ್ನು ನಾನು ಒಂದು ರಾತ್ರಿ ಕಂಡೆ. ಎಂಟು ಜನರ ತಂಡ, ಅದೇ ಹಳೆಯ ಗೋದಾಮು. ನಡುವೆ ಒಬ್ಬರು, ಮಗು ಎದ್ದಿದೆ, ಹೋಗಿ ಬರುತ್ತೇನೆ ಎಂದು ಬರೆದರು. ತಂಡದ ನಾಯಕ ತುಂಬ ಒಳ್ಳೆಯವನು. ‘ಏನೂ ಅವಸರವಿಲ್ಲ, ನಿಮ್ಮ ಪಾಲು ನಿಮಗೆ ಬಂದೇ ಬರುತ್ತದೆ’ ಎಂಬರ್ಥದಲ್ಲಿ ಉತ್ತರಿಸಿ ಮುಂದೆ ನುಗ್ಗಿದ. ಉಳಿದವರೂ ನುಗ್ಗಿದರು. ಎಲ್ಲರೂ ಎಷ್ಟು ಬಲಶಾಲಿಗಳೆಂದರೆ ಒಬ್ಬರು ಕಡಿಮೆಯಾದದ್ದು ಯಾರಿಗೂ ತಿಳಿಯುವಂತಿರಲಿಲ್ಲ. ಐದೇ ನಿಮಿಷದಲ್ಲಿ ಕೆಲಸ ಮುಗಿಯಿತು. ಆ ಮಗುವಿನ ತಾಯಿಯೋ ತಂದೆಯೋ ಬಾಗಿಲ ಬಳಿ ನಿಂತಲ್ಲೇ ನಿಂತಿದ್ದ ವೇಷಕ್ಕೆ ಅದರ ಪಾಲು ಪೂರ್ತಿ ಸಂದಾಯವಾಯಿತು. ಇದಕ್ಕಿಂತ ಹೆಚ್ಚಿನ ಔದಾರ್ಯ ಇನ್ನೇನು ಬೇಕು? ನನಗೆ ಮಾತ್ರ ಹಳೆಯ ಓಣಿ ನೆನಪಾಯಿತು. ಅಂದು ನಾವು ಕಾದದ್ದು ಒಳ್ಳೆಯವರಾಗಿದ್ದರಿಂದಲ್ಲ. ಅವರಿಲ್ಲದೆ ಸಾಯುತ್ತಿದ್ದೆವು, ಅದಕ್ಕೆ ಕಾದೆವು. ಕಾದು ಕಾದು, ಕಾರಣ ತಿಳಿದು, ಆಮೇಲೆ ಸ್ವಲ್ಪ ಒಳ್ಳೆಯವರಾದೆವು.

ಅವಲಂಬನೆಯಿಂದ ಮನುಷ್ಯನನ್ನು ಬಿಡುಗಡೆ ಮಾಡುವುದೇ ಅನುಕೂಲದ ಕೆಲಸ. ಅದನ್ನು ಬೇಡವೆನ್ನಲು ನಾನ್ಯಾರು? ಎರಡು ಗಂಟೆಗೊಮ್ಮೆ ತಾನೇ ಮಗ್ಗುಲಾಗಿಸುವ ಹಾಸಿಗೆಯೊಂದು 2005ರಲ್ಲಿ ಈ ಮನೆಯಲ್ಲಿದ್ದಿದ್ದರೆ ಅಮ್ಮನ ಸೊಂಟ ಉಳಿಯುತ್ತಿತ್ತು. ಕಷ್ಟವನ್ನು ದೂರದಲ್ಲಿ ಕೂತು ಹೊಗಳುವುದು ನನ್ನಂಥವರಿಗೆ ಸುಲಭ. ಆದ್ದರಿಂದ ಹಳೆಯ ಕಟ್ಟಳೆಗಳನ್ನು ಮತ್ತೆ ತನ್ನಿ ಎಂದು ನಾನು ಕೇಳಲಾರೆ. ವಿಮರ್ಶಕನಾಗಿ ಇಷ್ಟನ್ನು ಮಾತ್ರ ಹೇಳಬಲ್ಲೆ: ಪ್ರಸಂಗವನ್ನೂ ಚೌಕಿಯನ್ನೂ ಉಳಿಸಿಕೊಳ್ಳಬಹುದು, ಅಭಿಮಾನಿಗಳು ಉಳಿಸಿದ್ದಾರೆ. ಅರ್ಥ ಉಳಿಸಿಕೊಳ್ಳುವ ವಸ್ತುವಲ್ಲ. ಅದು ಎದುರಿಗಿರುವವನಿಗೆ ಉತ್ತರ ಕೊಡಲೇಬೇಕಾದ ಒತ್ತಡದಲ್ಲಿ ಹುಟ್ಟುತ್ತದೆ. ಆ ಒತ್ತಡವನ್ನು ತೆಗೆದ ಮೇಲೆ ವೇಷಗಳು ಇನ್ನೂ ಚೆಂದ ಕುಣಿಯುತ್ತವೆ, ಮಾತು ಕಡಿಮೆಯಾಗುತ್ತದೆ. ನಾನು ಆಡಿದ ಮೂರು ತಿಂಗಳಲ್ಲಿ ಯಾರೂ ನನ್ನ ಮೇಲೆ ರೇಗಲಿಲ್ಲ, ಯಾರ ಮನೆಯ ಸುದ್ದಿಯೂ ನನಗೆ ತಿಳಿಯಲಿಲ್ಲ.

ಒಂದು ಅಪವಾದವಿದೆ. ಆ ಗೋದಾಮಿನ ರಾತ್ರಿ ನಾನು ಉಳಿದವರ ಜೊತೆ ನುಗ್ಗದೆ ಬಾಗಿಲಲ್ಲೇ ನಿಂತೆ. ಆ ವೇಷದ ಪಕ್ಕದಲ್ಲಿ, ಏನೂ ಮಾಡದೆ. ಕೆಲಸ ಮುಗಿದು ತಂಡ ಚೆದುರಿದ ಮೇಲೂ ಸ್ವಲ್ಪ ಹೊತ್ತು ಇದ್ದೆ. ಆತನೋ ಆಕೆಯೋ ಹಿಂದಿರುಗಿ, ‘ಎಲ್ಲ ಮುಗಿಯಿತೆ? ನೀವೇಕೆ ಇಲ್ಲಿದ್ದೀರಿ?’ ಎಂದು ಕೇಳಿದರು. ಮಗು ಮಲಗಿತೇ ಎಂದು ಕೇಳಿದೆ. ಹಲ್ಲು ಬರುತ್ತಿದೆ, ಮೂರು ರಾತ್ರಿಯಿಂದ ಯಾರಿಗೂ ನಿದ್ದೆಯಿಲ್ಲ ಎಂದರು. ಅಷ್ಟರಲ್ಲಿ ನಮ್ಮಲ್ಲಿ ಕರೆಂಟು ಹೋಯಿತು.

ಅಮ್ಮ ಈಗ ಕೋಲೂರಿಕೊಂಡು ಅಂಗಳದವರೆಗೆ ನಡೆಯುತ್ತಾರೆ. ನಗರದ ನನ್ನ ಸಾಲ ಹಾಗೆಯೇ ಇದೆ. ದುಡ್ಡಿನ ರೂಪದಲ್ಲಾದರೂ ಸ್ವಲ್ಪ ತೀರಿಸೋಣವೆಂದು, ಮುಂದಿನ ತಿಂಗಳ ದೇಣಿಗೆಯ ಬಾಗಿಲು ತೆರೆಯುವ ದಿನವನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟು ಕಾದೆ. ಅಮ್ಮನಿಗೆ ರಾತ್ರಿಯ ಮಾತ್ರೆ ಕೊಟ್ಟು, ಹೊದಿಕೆ ಸರಿಮಾಡಿ ಬಂದು ನೋಡುವಷ್ಟರಲ್ಲಿ ಬೇಕಾದಷ್ಟು ಸೇರಿ, ಬಾಗಿಲು ಮುಚ್ಚಿತ್ತು.